ಎಲ್ಲಾ ಸುಸ್ತಿಗೂ ಸಕ್ಕರಿ ಮ್ಯಾಲೆ ಗೂಬೆ ಕೂಡ್ರಿಸಬ್ಯಾಡ್ರಿ

ಶಿರಹಟ್ಟಿಯಿಂದ ಲಕ್ಷ್ಮೇಶ್ವರದ ಕಡೆಗೆ ಬರುವಾಗ ಸಿಗುವ ಒಂದು ಹಳ್ಳಿ ನಮ್ಮದು. ಏಳು ಎಕರೆ ಒಣಬೇಸಾಯ. ನಾಲ್ಕು ಎಕರೆ ಎರಿ, ಮೂರು ಎಕರೆ ಮಸಾರಿ. ಮುಂಗಾರಿಗೆ ಹೆಸರು, ಶೇಂಗಾ. ಹಿಂಗಾರಿಗೆ ಕಡಲಿ, ಬಿಳಿಜೋಳ. ನಾನು ಓದಿದ್ದು ಏಳನೇತ್ತೆ. ರೋಗದ ಬಗ್ಗೆ ಬರೆಯಲು ನಾನೇನು ಡಾಕ್ಟರಲ್ಲ. ಆದರೆ ನನ್ನ ಮೈಮೇಲೆ ನಡೆದದ್ದನ್ನು ಬರೆಯಲು ಡಾಕ್ಟರಿಕೆ ಓದಬೇಕಾಗಿಲ್ಲ ಎಂದು ಧೈರ್ಯ ಮಾಡಿದ್ದೇನೆ.

2023ರ ಬರದ ವರ್ಷ ಇದು ಸುರುವಾಯಿತು. ಹೆಸರು ಕೈಗೆ ಬಂದಿರಲಿಲ್ಲ. ಇದ್ದಷ್ಟು ಹಸಿಯಲ್ಲಿ ಕಡಲಿ ಬಿತ್ತಿದ್ದೆ. ಎಡೆ ಹೊಡೆಯುವಾಗ ನಾಲ್ಕು ಸಾಲು ತಿರುಗಿದರೆ ಸಾಕು, ಕಾಲಿನಲ್ಲಿ ಜೀವವೇ ಇಲ್ಲದ ಹಾಗೆ. ಬದುವಿನ ಬೇವಿನ ಗಿಡದ ಕೆಳಗೆ ಕೂತರೆ ಏಳಲು ಮನಸ್ಸಿಲ್ಲ. ಜೊತೆಗೆ ಎದೆಗುಂಡಿಯ ಕೆಳಗೆ ಹೊಟ್ಟಿಬ್ಯಾನಿ. ರಾತ್ರಿ ಎರಡು ಗಂಟೆಗೆ ಎಬ್ಬಿಸುವುದು. ಒಂದು ಚೂರು ರೊಟ್ಟಿ ತಿಂದರೆ ಇಳಿಯುವುದು. ಮತ್ತೆ ಬೆಳಗಾಗುವುದರೊಳಗೆ ಹಾಜರು.

ಊರಲ್ಲಿ ಕಾರಣ ಹೇಳುವವರಿಗೇನು ಕಡಿಮೆ? ಒಬ್ಬರು ಗ್ಯಾಸ್ ಅಂದರು. ಇನ್ನೊಬ್ಬರು ಬಟ್ಟಿ ಸರದೈತಿ ಅಂದು ಹೊಟ್ಟೆ ತಿಕ್ಕಿದರು. ನಮ್ಮ ಮನಿಯಾಕಿ "ಖಾರ ಕಡಿಮಿ ಮಾಡ್ರಿ" ಅಂದಳು. ಕಟ್ಟೆಯ ಮೇಲಿನ ಹಿರಿಯರು "ಐವತ್ತು ದಾಟಿದ ಮ್ಯಾಲೆ ಹಿಂಗ ಇರತೈತಿ ತಮ್ಮಾ" ಅಂದರು. ಈ ಕೊನೆಯ ಮಾತೇ ನನ್ನನ್ನು ಹೆಚ್ಚು ಕೆಡಿಸಿತು. ವಯಸ್ಸಿನ ಮೇಲೆ ಹಾಕಿಬಿಟ್ಟರೆ ಮುಂದೆ ಕೇಳುವುದೇ ಇರುವುದಿಲ್ಲ.

ಒಂದು ದಿನ ಲಕ್ಷ್ಮೇಶ್ವರದಲ್ಲಿ ಸಕ್ಕರೆ ರೋಗದ ತಪಾಸಣೆ ಶಿಬಿರ ಇತ್ತು. ಬೆರಳು ಚುಚ್ಚಿ ನೋಡಿ 118 ಅಂತ ಚೀಟಿಯಲ್ಲಿ ಬರೆದು, "ಬಾರ್ಡರ್‌ದಾಗ ಅದೀರಿ" ಅಂದರು. ಏನು ತಿಂದು ಬಂದೀರಿ ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಒಂದು ಕಪ್ ಚಹಾ ಕುಡಿದೇ ಹೋಗಿದ್ದೆ. ಆ ಚೀಟಿ ಮನೆಗೆ ಬಂದಿದ್ದೇ ತಡ, ನನ್ನ ಸುಸ್ತು, ಹೊಟ್ಟಿಬ್ಯಾನಿ, ತಲೆ ತಿರುಗುವುದು ಎಲ್ಲಕ್ಕೂ ಒಂದೇ ಹೆಸರಾಯಿತು. ಸಕ್ಕರಿ!

ಮುಂದೆ ಎಂಟು ತಿಂಗಳು ನಾನು ಮಾಡಿದ್ದನ್ನು ನೆನೆದರೆ ಈಗ ನಗು ಬರುತ್ತದೆ. ಅನ್ನ ಬಿಟ್ಟೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಾಗಲಕಾಯಿ ರಸ. ಅದು ಹೊಟ್ಟೆಗೆ ಬೆಂಕಿ ಇಟ್ಟ ಹಾಗೆ ಆಗುತ್ತಿತ್ತು, ಆದರೂ ಮೂಗು ಮುಚ್ಚಿ ಕುಡಿದೆ. ಅಮೃತಬಳ್ಳಿ ಕಷಾಯವೂ ಆಯಿತು. ಸೋಮವಾರದ ಜೊತೆ ಗುರುವಾರವೂ ಉಪವಾಸ. ಸುಸ್ತು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. "ಸಕ್ಕರಿ ಅಂದ್ರ ಹಂಗ" ಎಂದು ಎಲ್ಲರೂ ಸಮಾಧಾನ ಹೇಳಿದರು.

ಯಾರೂ ಕೇಳದ ಪ್ರಶ್ನೆ

2024ರಲ್ಲಿ ನನ್ನ ಸೋದರಳಿಯ ಬೈದು ಗದಗಿಗೆ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರು ಸಕ್ಕರೆ ಚೀಟಿ ಬದಿಗಿಟ್ಟು ಮೊದಲು ಕೇಳಿದ್ದು, "ಯಾವ ಗುಳಗಿ ನುಂಗತೀರಿ?" ನಾನು ಏನೂ ಇಲ್ಲ ಅಂದೆ. ಬೆನ್ನುಬ್ಯಾನಿಯ ಗುಳಗಿಯನ್ನು ನಾನು ಗುಳಗಿ ಅಂತ ಲೆಕ್ಕಕ್ಕೇ ಹಿಡಿದಿರಲಿಲ್ಲ! ಸೋದರಳಿಯನೇ ಬಾಯಿ ಬಿಟ್ಟ. ಎರಡು ವರ್ಷದಿಂದ ಔಷಧ ಅಂಗಡಿಯಿಂದ ಕೇಳಿ ತಂದ ಬ್ಯಾನಿ ಗುಳಗಿ, ದಿನಕ್ಕೆ ಎರಡು. ಬೆಳಿಗ್ಗೆಯದು ಬರೀ ಚಹಾದ ಜೊತೆ.

ಎರಡನೆಯ ಪ್ರಶ್ನೆ, ಮಲದ ಬಣ್ಣ ಏನು ಅಂತ. ನಾಚಿಕೆಯಾದರೂ ಹೇಳಿದೆ: ಆಗಾಗ ಡಾಂಬರಿನ ಹಾಗೆ ಕಪ್ಪಗೆ, ಅಂಟು. ಬಯಲಿಗೆ ಹೋದಾಗ ನೋಡಿದ್ದೆ, ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 7.8. ಗಂಡಸರಿಗೆ 13ರ ಮೇಲೆ ಇರಬೇಕಾದದ್ದು. ಬಾಯಿಯಿಂದ ಕೊಳವೆ ಬಿಟ್ಟು ನೋಡಿದರು. ಜಠರ ದಾಟಿದ ಕೂಡಲೇ ಕರುಳಿನಲ್ಲಿ ಹುಣ್ಣು, ಅದರಿಂದ ರಕ್ತ ಜಿನುಗುತ್ತಿತ್ತು. ಮೈಯ ರಕ್ತ ಚೂರು ಚೂರೇ ಸೋರಿ ಹೋಗುತ್ತಿದ್ದರೆ ಎಡೆ ಹೊಡೆಯಲು ಶಕ್ತಿ ಎಲ್ಲಿಂದ ಬರಬೇಕು? ಹೊಟ್ಟಿಬ್ಯಾನಿ, ಸುಸ್ತು ಎರಡಕ್ಕೂ ಬೇರು ಒಂದೇ. ಅದು ಸಕ್ಕರಿ ಅಲ್ಲ.

ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಮುಂತಾದ ಬ್ಯಾನಿ ಗುಳಗಿಗಳು ಜಠರದ ಒಳಪದರ ಕಾಯುವ ಲೋಳೆಯನ್ನು ಕಡಿಮೆ ಮಾಡುತ್ತವಂತೆ. ಬಹಳ ದಿನ ನುಂಗಿದರೆ ಹುಣ್ಣು, ಮೂತ್ರಪಿಂಡಕ್ಕೂ ಪೆಟ್ಟು. ನನ್ನಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಕ್ರಿಮಿಯೂ ಸಿಕ್ಕಿತು. ಎರಡೂ ಕೂಡಿದರೆ ಹುಣ್ಣಿಗೆ ಹಬ್ಬ. ನಮ್ಮಲ್ಲಿ ಹುಣ್ಣು ಅಂದರೆ ರಂಜಕ, ಮೆಣಸಿನಕಾಯಿ ಬಜಿಯ ಮೇಲೆ ತಪ್ಪು ಹೊರಿಸುತ್ತೇವೆ. ದೊಡ್ಡ ಡಾಕ್ಟರುಗಳೂ ಹಿಂದೆ ಖಾರ ಮತ್ತು ಚಿಂತೆಯೇ ಕಾರಣ ಎಂದುಕೊಂಡಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಎಂಬ ಡಾಕ್ಟರ್ 1984ರಲ್ಲಿ ಈ ಕ್ರಿಮಿಯನ್ನು ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದರು. ಅವರಿಗೂ ಅವರ ಜೊತೆಗಾರ ರಾಬಿನ್ ವಾರನ್ ಅವರಿಗೂ 2005ರಲ್ಲಿ ನೊಬೆಲ್ ಬಂತು.

ನನಗೆ 14 ದಿನ ಕ್ರಿಮಿಗೆ ಔಷಧ, ಎರಡು ತಿಂಗಳು ಹುಣ್ಣಿಗೆ, ಆಮೇಲೂ ಕಬ್ಬಿಣದ ಗುಳಗಿ. ಕಬ್ಬಿಣದ ಗುಳಗಿಯಿಂದಲೂ ಮಲ ಕಪ್ಪಾಗುತ್ತದೆ, ಹೆದರಬ್ಯಾಡ್ರಿ, ಚಹಾದ ಜೊತೆ ಮಾತ್ರ ನುಂಗಬ್ಯಾಡ್ರಿ ಅಂತ ಮೊದಲೇ ಹೇಳಿ ಕಳಿಸಿದರು. ಆರು ತಿಂಗಳಿಗೆ ಹಿಮೋಗ್ಲೋಬಿನ್ 12.6 ಆಯಿತು. ಮೊನ್ನೆ ಕಡಲಿಯಲ್ಲಿ ಮಧ್ಯಾಹ್ನದ ತನಕ ಕೂಡದೆ ಎಡೆ ಹೊಡೆದೆ.

ಹಾಗಾದರೆ ಸಕ್ಕರಿ ಸುಳ್ಳೇ?

ಸುಳ್ಳಲ್ಲ. ಇಲ್ಲೇ ನಾವು ಮತ್ತೊಂದು ತಪ್ಪು ಮಾಡುತ್ತೇವೆ. ಹೊಟ್ಟೆಯ ಕಾರಣ ಬೇರೆ ಎಂದು ತಿಳಿದ ಮೇಲೆ ಸಕ್ಕರೆ ಚೀಟಿ ಹರಿದು ಒಗೆಯುತ್ತೇವೆ. ಡಾಕ್ಟರು ಸರಿಯಾಗಿ ಮತ್ತೆ ಪರೀಕ್ಷೆ ಮಾಡಿಸಿದರು. ರಾತ್ರಿ ಊಟವಾದ ಮೇಲೆ ಎಂಟು ತಾಸು ನೀರು ಬಿಟ್ಟು ಏನೂ ಇಲ್ಲ, ಚಹಾ ಸಹ ಇಲ್ಲ. ತೋಳಿನ ರಕ್ತದಲ್ಲಿ 107 ಬಂತು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ತಾಸಿಗೆ ನೋಡಿದಾಗ 151. ಖಾಲಿ ಹೊಟ್ಟೆಯಲ್ಲಿ 100ರಿಂದ 125, ಗ್ಲೂಕೋಸ್ ಕುಡಿದ ಮೇಲೆ 140ರಿಂದ 199 ಇದ್ದರೆ ರೋಗದ ಹೊಸ್ತಿಲು. 126 ಮತ್ತು 200 ಮುಟ್ಟಿದರೆ ರೋಗವೇ. ಅದನ್ನೂ ಇನ್ನೊಮ್ಮೆ ನೋಡಿ ಖಾತ್ರಿ ಮಾಡುತ್ತಾರೆ. ನಾನು ಹೊಸ್ತಿಲ ಮೇಲಿದ್ದೇನೆ.

ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ ಒನ್ ಸಿ ಪರೀಕ್ಷೆಯಲ್ಲಿ ನನ್ನದು ಮೊದಲು 6.3 ಇತ್ತು, ರಕ್ತ ತುಂಬಿದ ಮೇಲೆ 5.8. ಕಬ್ಬಿಣ ಕಡಿಮೆಯಾಗಿ ರಕ್ತ ಇಳಿದವರಲ್ಲಿ ಈ ಪರೀಕ್ಷೆ ಇದ್ದದ್ದಕ್ಕಿಂತ ಹೆಚ್ಚು ತೋರಿಸಬಹುದಂತೆ. ಇದನ್ನು ನಮ್ಮಂಥವರು ತಿಳಿದಿರಬೇಕು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆ ಇಲ್ಲದವರು ಎಷ್ಟು ಮಂದಿ?

ನನ್ನ ಅಭಿಪ್ರಾಯ ಇಷ್ಟೇ. ಹೊಸ್ತಿಲ ಸಕ್ಕರಿ ಸಾಮಾನ್ಯವಾಗಿ ಮೈಗೆ ಗೊತ್ತೇ ಆಗುವುದಿಲ್ಲ. ಅದು ಸುಸ್ತು ಮಾಡಿ, ಹೊಟ್ಟೆ ನೋಯಿಸಿ ಕರೆಯುವ ರೋಗವಲ್ಲ. ಆದ್ದರಿಂದ ಯಾರಾದರೂ ಬಾರ್ಡರ್ ಚೀಟಿ ತೋರಿಸಿ "ಇದಕ್ಕ ಹೊಟ್ಟಿ ನೂಸತೈತಿ" ಅಂದರೆ ಒಪ್ಪಬೇಡಿ, ಇನ್ನೊಂದು ಕಾರಣ ಹುಡುಕಿಸಿ. ಕಡಲಿ ಗಿಡ ಬಾಡಿದರೆ ಮಳಿ ಇಲ್ಲ ಅಂತ ಸುಮ್ಮನೆ ಕೂಡುತ್ತೇವೇನು? ಕಿತ್ತು, ಬೇರು ಸೀಳಿ, ಸಿಡಿ ರೋಗವೋ ಹುಳವೋ ನೋಡುತ್ತೇವೆ. ನಮ್ಮ ಮೈಗೆ ಅಷ್ಟೂ ಬೇಡವೇ?

ವಿಪರೀತ ನೀರಡಿಕೆ, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುವುದು, ಉಂಡರೂ ಸೊರಗುವುದು ಇದ್ದರೆ ಮಾತ್ರ ಸಕ್ಕರಿಯನ್ನೇ ಮೊದಲು ನೋಡಿಸಬೇಕು. ಐವತ್ತರ ಮೇಲೆ ಹೊಸದಾಗಿ ಸಕ್ಕರಿ ಬಂದು, ಜೊತೆಗೆ ಹೊಟ್ಟೆಯಿಂದ ಬೆನ್ನಿಗೆ ಹಾಯುವ ಬ್ಯಾನಿ, ತೂಕ ಇಳಿಯುವುದು ಆದರೆ ಮೇದೋಜೀರಕ ಗ್ರಂಥಿಯನ್ನು ಸ್ಕ್ಯಾನ್ ಮಾಡಿಸಬೇಕು, ತಡ ಮಾಡಬಾರದು ಅಂತ ಡಾಕ್ಟರು ಒತ್ತಿ ಹೇಳಿದ್ದಾರೆ. ಮುಂಡರಗಿ ಕಡೆಯ ನಮ್ಮ ಬೀಗರದು ಇನ್ನೊಂದು ಕಥೆ. ಅಲ್ಲಿ ಬೋರಿನ ನೀರಿನಲ್ಲಿ ಫ್ಲೋರೈಡ್. ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಬರುವುದಿಲ್ಲ. ಹಲ್ಲಿಗೆ ಕಂದು ಕಲೆ, ಕೀಲುನೋವು ನಮಗೆ ಗೊತ್ತು. ಅದರಿಂದ ಹೊಟ್ಟೆಯೂ ಕೆಡುತ್ತದೆ ಎಂಬುದು ಗೊತ್ತಿಲ್ಲ.

ದುಡಿಯುವ ಮೈಗೆ ಸಕ್ಕರಿ ಬರುವುದಿಲ್ಲ ಅನ್ನುವವರಿಗೆ ಒಂದು ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ ಸಕ್ಕರೆ ರೋಗದವರು ಸುಮಾರು 10 ಕೋಟಿ. ಹೊಸ್ತಿಲ ಮೇಲಿನವರು 13 ಕೋಟಿಗೂ ಮೇಲೆ. ರೋಗ ಪಟ್ಟಣದಲ್ಲಿ ಹೆಚ್ಚು. ಆದರೆ ಹೊಸ್ತಿಲ ಮೇಲಿನವರ ಪ್ರಮಾಣದಲ್ಲಿ ಹಳ್ಳಿಗೂ ಪಟ್ಟಣಕ್ಕೂ ಫರಕೇ ಇಲ್ಲ ಅನ್ನಬಹುದು. ಖರೇ ಹೇಳಬೇಕೆಂದರೆ ಒಣಬೇಸಾಯದವರು ವರ್ಷದಲ್ಲಿ ಮೈಮುರಿದು ದುಡಿಯುವುದು ಎಷ್ಟು ತಿಂಗಳು? ಬಿತ್ತಲು ಟ್ರ್ಯಾಕ್ಟರ್, ಕಸಕ್ಕೆ ಔಷಧ, ರಾಶಿಗೆ ಮಷೀನು. ಉಳಿದ ಹೊತ್ತು ಕಟ್ಟೆ, ಮೊಬೈಲು, ದಿನಕ್ಕೆ ಆರು ಕಪ್ ಸಕ್ಕರೆ ಚಹಾ.

ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸ್ತಿಲ ಮೇಲಿನವರು ನಡಿಗೆ, ಊಟ ಸರಿಪಡಿಸಿಕೊಂಡದ್ದರಿಂದ ರೋಗಕ್ಕೆ ಬೀಳುವುದು ಶೇ. 28ರಷ್ಟು ಕಡಿಮೆಯಾಯಿತು. ನಾನು ಹಾಗಲ ರಸ ಬಿಟ್ಟಿದ್ದೇನೆ. ಚಹಾ ಎರಡೇ ಕಪ್, ಸಕ್ಕರೆ ಇಲ್ಲದ್ದು. ರೊಟ್ಟಿ ಐದರಿಂದ ಮೂರಕ್ಕೆ ಇಳಿದಿದೆ. ಜೋಳ, ನವಣಿ ಅಂದ ಮಾತ್ರಕ್ಕೆ ಎಷ್ಟಾದರೂ ತಿನ್ನಬಹುದು ಅನ್ನುವುದು ಭ್ರಮೆ. ಕಡಿಮೆಯಾದ ಜಾಗದಲ್ಲಿ ಹೆಸರುಕಾಳು, ಮಡಕಿಕಾಳು ಪಲ್ಯ, ಹಕ್ಕರಕಿ, ಮೆಂತ್ಯ ತಪ್ಪಲು. ಹೊಲಕ್ಕೆ ಬೈಕ್ ಬಿಟ್ಟು ನಡೆಯುತ್ತೇನೆ.

ಮೂವತ್ತು ದಾಟಿದ ಎಲ್ಲರಿಗೂ ಸಕ್ಕರೆ, ಬಿಪಿ ತಪಾಸಣೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಪುಕ್ಕಟೆ. ಆಶಾ ತಂಗಿಯರನ್ನು ಕೇಳಿದರೆ ಹೇಳುತ್ತಾರೆ. ಹೋಗುವಾಗ ನುಂಗುವ ಗುಳಗಿಯ ಖಾಲಿ ಪಟ್ಟಿಗಳನ್ನು ಕಿಸೆಯಲ್ಲಿ ಹಾಕಿಕೊಂಡು ಹೋಗಿರಿ. ನಾವು ಹದಿನೈದು ಲೀಟರ್ ಡಬ್ಬಿಗೆ ಎಣ್ಣಿ ಎಷ್ಟು ಎಂಎಲ್ ಅಂತ ಕೇಳದೆ ಹೊಡೆಯುವುದಿಲ್ಲ. ಬೆನ್ನಿನ ಗುಳಗಿಯನ್ನು ಮಾತ್ರ ಎರಡು ವರ್ಷ ಯಾರನ್ನೂ ಕೇಳದೆ ನುಂಗುತ್ತೇವೆ. ನಮ್ಮೂರಿನಲ್ಲಿ ಹಾಗೆ ನುಂಗುವವರನ್ನು ಎಣಿಸಿದೆ. ನಮ್ಮ ಓಣಿಯಲ್ಲೇ ಒಂಬತ್ತು ಮಂದಿ, ಅದರಲ್ಲಿ ಕಳೆ ತೆಗೆಯಲು ಹೋಗುವ ಆರು ಹೆಣ್ಣುಮಕ್ಕಳು. ನಿಮ್ಮ ಊರಿನಲ್ಲಿ ಎಷ್ಟು ಮಂದಿ ಇದ್ದಾರೆ, ಬಿಟ್ಟವರು ಹೇಗೆ ಬಿಟ್ಟರು, ಬೆನ್ನಿಗೆ ಬೇರೆ ಏನು ಉಪಾಯ ಕಂಡುಕೊಂಡರು, ಪತ್ರಿಕೆಗೆ ಬರೆಯಿರಿ. ಹೆಸರು ಹಾಕಲು ನಾಚಿಕೆಯಾದರೆ ಊರಿನ ಹೆಸರೊಂದೇ ಸಾಕು.