ಥರ್ಮೊಕೋಲಿನ ವಿಧಾನಸೌಧ ಸಾಕು, ಮಕ್ಕಳನ್ನು ಪಾಲಿಕೆಗೆ ಕಳಿಸಿ

ಗೆ,
ಉಪನಿರ್ದೇಶಕರು,
ಶಾಲಾ ಶಿಕ್ಷಣ ಇಲಾಖೆ, ದಾವಣಗೆರೆ.

ಮಾನ್ಯರೇ,

ಒಂಬತ್ತನೇ ತರಗತಿಯ ಕೆಲವು ಮಕ್ಕಳು ಸೇರಿ ಸಮಾಜ ವಿಜ್ಞಾನದ ಪ್ರಾಜೆಕ್ಟಿಗೆ ಒಂದು ವಿಷಯ ಆರಿಸಿಕೊಂಡರು. ಜೊತೆಯಲ್ಲಿ ಓದುವವರಿಗೆಲ್ಲ ಪ್ರಶ್ನೆ ಕೇಳುವುದು: ನಿಮ್ಮ ಮನೆ ಯಾವ ವಾರ್ಡಿನಲ್ಲಿದೆ? ಅಲ್ಲಿಂದ ಪಾಲಿಕೆಗೆ ಗೆದ್ದವರು ಯಾರು? ನಿಮ್ಮ ನಲ್ಲಿಯ ನೀರು ಎಲ್ಲಿಂದ ಬರುತ್ತದೆ, ಬಾರದಿದ್ದರೆ ಮನೆಯವರು ಯಾರಿಗೆ ಫೋನ್ ಮಾಡುತ್ತಾರೆ? ಉತ್ತರಗಳನ್ನು ಚಾರ್ಟಿಗೆ ಬರೆದು ಗೋಡೆಗೆ ಹಚ್ಚಬೇಕು, ಯಾರಿಗೂ ಗೊತ್ತಿಲ್ಲದ್ದನ್ನು ಪಾಲಿಕೆಗೆ ಹೋಗಿ ಕೇಳಿಕೊಂಡು ಬಂದು ತರಗತಿಗೆ ಹೇಳಬೇಕು ಎಂಬುದು ಅವರ ಯೋಜನೆ. ಅವರಲ್ಲಿ ನನ್ನ ಮಗಳೂ ಒಬ್ಬಳು. ಶಾಲೆಯ ಹೆಸರು ಬೇಡ ಬಿಡಿ, ಅಲ್ಲಿ ಸಿಕ್ಕ ಉತ್ತರ ಊರಿನ ಯಾವ ಶಾಲೆಯಲ್ಲಾದರೂ ಸಿಗುತ್ತಿತ್ತು: "ರಾಜಕೀಯ ಎಲ್ಲ ಬ್ಯಾಡ, ಪ್ಲಾಸ್ಟಿಕ್ ಮಾಲಿನ್ಯ ಮಾಡ್ರಿ." ಕೊನೆಗೆ ರಾಜಿಯಾಗಿ ಥರ್ಮೊಕೋಲಿನ ವಿಧಾನಸೌಧವೊಂದು ತಯಾರಾಯಿತು. ಚೆನ್ನಾಗಿಯೇ ಇತ್ತು. ಅಂಕವೂ ಪೂರ್ತಿ ಬಂತು.

ಮುಖ್ಯ ಶಿಕ್ಷಕರನ್ನು ದೂರಲು ಈ ಪತ್ರ ಬರೆಯುತ್ತಿಲ್ಲ. ಅವರ ಅಂಜಿಕೆಗೆ ಕಾರಣವಿದೆ. ಸರ್ಕಾರಿ ನೌಕರರು ರಾಜಕೀಯ ಪಕ್ಷಗಳ ಜೊತೆ ಸೇರಬಾರದು ಎಂದು 2021ರ ನಾಗರಿಕ ಸೇವಾ ನಡತೆ ನಿಯಮಗಳು ಹೇಳುತ್ತವೆ. ಸರಿಯಾದ ನಿಯಮವೇ. ಆದರೆ ಸ್ಟಾಫ್ ರೂಮಿಗೆ ಬರುವ ಹೊತ್ತಿಗೆ ಅದರ ಅರ್ಥ 'ಬಾಯಿ ಬಿಡಬೇಡಿ' ಎಂದಾಗಿರುತ್ತದೆ. ಅನುದಾನಿತ, ಖಾಸಗಿ ಶಾಲೆಗಳಲ್ಲಿ ಈ ಅಂಜಿಕೆಗೆ ಆಡಳಿತ ಮಂಡಳಿಯವರ ಅಂಜಿಕೆಯೂ ಸೇರಿಕೊಳ್ಳುತ್ತದೆ. ಯಾವನೋ ಒಬ್ಬ ಪೋಷಕ ಅರ್ಧ ನಿಮಿಷದ ವಿಡಿಯೋ ಮಾಡಿ ವಾಟ್ಸ್‌ಆಪಿಗೆ ಹಾಕಿದರೆ ನಾಳೆ ನಮ್ಮ ಕೈ ಹಿಡಿಯುವವರು ಯಾರು ಎಂದು ಮೇಷ್ಟ್ರು ಯೋಚಿಸುತ್ತಾರೆ. ಆ ಪ್ರಶ್ನೆಗೆ ಉತ್ತರ ನಿಮ್ಮ ಕಚೇರಿಯಿಂದ ಬರಬೇಕು. ಅದಕ್ಕೇ ಪತ್ರ ನಿಮಗೆ.

ನಿಮ್ಮ ಇಲಾಖೆ ಏನೂ ಮಾಡುತ್ತಿಲ್ಲ ಎನ್ನಲಾರೆ. ಜೂನ್ ಜುಲೈನಲ್ಲಿ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತದೆ. ಮೊಬೈಲನ್ನೇ ಮತಯಂತ್ರ ಮಾಡಿ, ಬೆರಳಿಗೆ ಶಾಯಿ ಹಚ್ಚಿ, ಸ್ವಚ್ಛತಾ ಮಂತ್ರಿ, ಆಹಾರ ಮಂತ್ರಿಗಳಿಗೆ ಪ್ರಮಾಣವಚನವನ್ನೂ ಬೋಧಿಸುತ್ತಾರೆ. ಜನವರಿ 25ಕ್ಕೆ ರಾಷ್ಟ್ರೀಯ ಮತದಾರರ ದಿನದ ಪ್ರತಿಜ್ಞೆ ಇದ್ದೇ ಇದೆ. 2018ರಲ್ಲಿ ಚುನಾವಣಾ ಆಯೋಗ ಒಂಬತ್ತರಿಂದ ಹನ್ನೆರಡನೇ ತರಗತಿಯವರಿಗೆಂದೇ ಮತದಾರರ ಸಾಕ್ಷರತಾ ಕ್ಲಬ್ ಶುರುಮಾಡಿತು. ಇವೆಲ್ಲ ಕಲಿಸುವುದು ಮತ ಹಾಕುವುದು ಹೇಗೆ ಎಂಬುದನ್ನು. ಹಾಕಿದ ಮೇಲೆ ಐದು ವರ್ಷ ಏನು ನಡೆಯುತ್ತದೆ ಎಂಬ ಪಾಠ ಎಲ್ಲೂ ಇಲ್ಲ. ಶಾಲೆಯ ಸ್ವಚ್ಛತಾ ಮಂತ್ರಿಗೆ ಶೌಚಾಲಯದ ಬೀಗದ ಕೈಯಾದರೂ ಸಿಗುತ್ತದೆಯೇ ಎಂಬುದು ಬೇರೆ ಮಾತು.

ಪಠ್ಯಕ್ಕೂ ಊರಿಗೂ ಎಷ್ಟು ದೂರ ನೋಡಿ. ಜಿಲ್ಲಾ ಪಂಚಾಯಿತಿಗೆ ಜನರಿಂದ ಆಯ್ಕೆಯಾದ ಸದಸ್ಯರು, ಐದು ವರ್ಷದ ಅವಧಿ ಎಂದು ಮಕ್ಕಳು ಓದುತ್ತಾರೆ. ಕರ್ನಾಟಕದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ನಡೆಯಿತು, 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ಕೋರ್ಟು ಎಂದು ವರ್ಷಗಳೇ ಉರುಳಿದವು. ಈ ನಡುವೆ ಎರಡು ಪಕ್ಷಗಳ ಸರ್ಕಾರಗಳು ಬಂದಿವೆ, ಹಾಗಾಗಿ ಇದನ್ನು ಪಾಠ ಮಾಡಿದರೆ ಯಾವ ಪಕ್ಷದ ಪ್ರಚಾರವೂ ಆಗುವುದಿಲ್ಲ. ಇನ್ನೊಂದು ಕಡೆ, 2024ರ ಲೋಕಸಭಾ ಚುನಾವಣೆಯಲ್ಲಿ ಎರಡೂ ದೊಡ್ಡ ಪಕ್ಷಗಳು ದಾವಣಗೆರೆಯಲ್ಲಿ ಟಿಕೆಟ್ ಕೊಟ್ಟದ್ದು ಎರಡು ಹಳೆಯ ರಾಜಕೀಯ ಮನೆತನಗಳ ಸೊಸೆಯಂದಿರಿಗೆ. ಆ ಮನೆತನಗಳ ಹೆಸರು ಮಕ್ಕಳಿಗೆ ಬಾಯಿಪಾಠ. ತಮ್ಮ ವಾರ್ಡಿನ ನಂಬರು ಗೊತ್ತಿಲ್ಲ. ರಾಜಕೀಯ ಎಂದರೆ ದೊಡ್ಡವರ ಮನೆಯ ಸುದ್ದಿ ಎಂದು ಅವರು ತಿಳಿದುಕೊಂಡಿದ್ದರೆ ತಪ್ಪು ಅವರದಲ್ಲ.

ಹರಿಹರ ತಾಲ್ಲೂಕಿನ ಹಳ್ಳಿಯ ಮಗುವಿಗೆ ಈ ವಿಷಯದಲ್ಲಿ ನಗರದ ಮಗುವಿಗಿಂತ ಒಂದು ಅನುಕೂಲ ಹೆಚ್ಚು. ಅಲ್ಲಿ ಮಕ್ಕಳ ಗ್ರಾಮಸಭೆ ಇದೆ. 1990ರ ದಶಕದಲ್ಲಿ ಕುಂದಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ದುಡಿಯುವ ಮಕ್ಕಳ ಸಂಘಟನೆಯಾದ ಭೀಮ ಸಂಘ ಮತ್ತು ಅದರ ಬೆನ್ನಿಗಿದ್ದ ಸಂಸ್ಥೆ ಕಟ್ಟಿದ ಮಕ್ಕಳ ಪಂಚಾಯಿತಿಗಳ ಅನುಭವವೇ ಅದಕ್ಕೆ ದಾರಿ ತೋರಿಸಿದ್ದು. ಎಷ್ಟೋ ಕಡೆ ಫೋಟೊ ತೆಗೆಸಿಕೊಂಡು ಮುಗಿಸುತ್ತಾರೆ, ನಿಜ. ಆದರೂ ಪಿಡಿಒ ಎದುರು ನಿಂತು 'ನಮ್ಮ ಶಾಲೆಗೆ ಬರುವ ದಾರೀಲಿ ಬೀದಿದೀಪ ಇಲ್ಲ' ಎನ್ನಲು ವರ್ಷಕ್ಕೆ ಒಂದು ದಿನ ಇದೆ. ದಾವಣಗೆರೆ ಪಾಲಿಕೆಯ 45 ವಾರ್ಡುಗಳ ಮಕ್ಕಳಿಗೆ ಅಂಥ ವಾಡಿಕೆ ಇಲ್ಲ. ಮಂಡಕ್ಕಿ ಭಟ್ಟಿಗಳ ಹೊಗೆ ಕುಡಿದು ಶಾಲೆಗೆ ಬರುವ ಮಗು ಅದನ್ನು ಯಾರ ಎದುರು ಹೇಳಬೇಕು? ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಊರುಗಳಲ್ಲಿ ವಾರ್ಡ್ ಸಮಿತಿ ಇರಬೇಕು ಎನ್ನುತ್ತದೆ ಸಂವಿಧಾನದ 243ಎಸ್ ವಿಧಿ. 2011ರಲ್ಲೇ ನಮ್ಮ ಊರಿನ ಜನಸಂಖ್ಯೆ ನಾಲ್ಕು ಲಕ್ಷ ದಾಟಿತ್ತು. ನಮ್ಮ ವಾರ್ಡಿನಲ್ಲಿ ಅಂಥ ಸಮಿತಿ ಕೂತದ್ದನ್ನು ಯಾರಾದರೂ ನೋಡಿದ್ದೀರಾ ಎಂದು ಮಕ್ಕಳು ಮನೆಯಲ್ಲಿ ಕೇಳಿ ಬರೆದುಕೊಂಡು ಬಂದರೆ ಅದೇ ಒಂದು ಪ್ರಾಜೆಕ್ಟು. 2016ರ ಜನವರಿಯಲ್ಲಿ ದೇಶದ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳಲ್ಲಿ ನಮ್ಮದೂ ಒಂದಾಯಿತಲ್ಲ, ನಮ್ಮ ಬೀದಿಯಲ್ಲಿ ಅದರಿಂದ ಏನಾಯಿತು ಎಂಬುದು ಇನ್ನೊಂದು.

ನೀರಿನ ಪ್ರಶ್ನೆಯನ್ನೇ ಹಿಡಿದರೂ ಎರಡು ಊರುಗಳ ಮಕ್ಕಳು ಒಂದಾಗುತ್ತಾರೆ. ಹರಿಹರದ ಬಳಿ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿದ ನೀರು ದಾವಣಗೆರೆಯ ನಲ್ಲಿಗೆ ಬರುತ್ತದೆ. ಭದ್ರಾ ನಾಲೆಯ ನೀರು ಕುಂದುವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳನ್ನು ತುಂಬುತ್ತದೆ. ನಾಲೆ ಎಷ್ಟು ದಿನ ಹರಿಯಬೇಕು, ರೈತರಿಗೆ ಎಷ್ಟು, ಊರಿಗೆ ಎಷ್ಟು ಎಂಬ ತೀರ್ಮಾನ ಎಲ್ಲಿ ಆಗುತ್ತದೆ? ಹರಿಹರದ ಹೊಳೆದಂಡೆಯಲ್ಲಿ ನಿಂತರೆ ಆಚೆ ದಡದ ಕುಮಾರಪಟ್ಟಣದ ಕಾರ್ಖಾನೆ ಕಾಣುತ್ತದೆ. ಹೊಳೆ ಒಂದೇ, ಆದರೆ ಕಾರ್ಖಾನೆ ಹಾವೇರಿ ಜಿಲ್ಲೆಗೆ ಸೇರಿದ್ದು, ಈಚೆಯ ಊರು ನಮ್ಮ ಜಿಲ್ಲೆಗೆ. ನೀರು ಕೆಟ್ಟರೆ ಯಾವ ಡಿಸಿ ಕಚೇರಿಗೆ ಹೋಗಬೇಕು? 1980ರ ದಶಕದಲ್ಲಿ ಈ ಹೊಳೆಯ ಮಾಲಿನ್ಯದ ವಿರುದ್ಧ ದಂಡೆಯ ಹಳ್ಳಿಗಳ ಜನ ಎದ್ದು ನಿಂತರು. ಅದೇ ಕಾರ್ಖಾನೆಗೆ ಕಚ್ಚಾಮಾಲು ಬೆಳೆಯಲು ಸಮುದಾಯದ ಜಮೀನಿನಲ್ಲಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಕಿತ್ತು, ಜನರಿಗೆ ಬೇಕಾದ ಗಿಡ ನೆಟ್ಟರು. 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ಈ ಹೋರಾಟದ ಜೊತೆ ಶಿವರಾಮ ಕಾರಂತರೂ ಇದ್ದರು. ಮಕ್ಕಳ ದಿನಾಚರಣೆಯಂದೇ ನಡೆದ ಈ ಸಂಗತಿ ಹರಿಹರದ ಎಷ್ಟು ಮಕ್ಕಳಿಗೆ ಗೊತ್ತಿದ್ದೀತು?

'ಇನ್ನೂ ಹುಡುಗರು, ಅವರಿಗೇಕೆ ಇದೆಲ್ಲ' ಎಂಬ ಮಾತು ನಮ್ಮ ಸೀಮೆಯಲ್ಲಿ ಆಡಬಾರದ್ದು. 1942ರಲ್ಲಿ ಪಕ್ಕದ ಶಿಕಾರಿಪುರ ತಾಲ್ಲೂಕಿನ ಈಸೂರಿನವರು ತಮ್ಮದೇ ಸರ್ಕಾರ ಸಾರಿದಾಗ ಅಮಲ್ದಾರನನ್ನಾಗಿ ಮಾಡಿದ್ದು ಒಬ್ಬ ಹುಡುಗನನ್ನು. ಅದೇ ವರ್ಷ ಹುಬ್ಬಳ್ಳಿಯಲ್ಲಿ ಗುಂಡೇಟಿಗೆ ಬಲಿಯಾದ ನಾರಾಯಣ ಡೋಣಿಯೂ ಹುಡುಗನೇ. ಜಯಂತಿಗಳಲ್ಲಿ ಇವರನ್ನು ಹೊಗಳಿ ಭಾಷಣ ಮಾಡಿಸುತ್ತೇವೆ, ಅದೇ ವಯಸ್ಸಿನ ಮಗು ವಾರ್ಡಿನ ಚರಂಡಿಯ ಬಗ್ಗೆ ಕೇಳಿದರೆ ಸುಮ್ಮನಿರು ಎನ್ನುತ್ತೇವೆ.

ಪಕ್ಷಪಾತದ ಭಯಕ್ಕೆ ಮದ್ದು ಇಲ್ಲದಿಲ್ಲ. ಹಿಟ್ಲರನ ಕಾಲದಲ್ಲಿ ಶಾಲೆಗಳನ್ನೇ ಪಕ್ಷದ ಯಂತ್ರ ಮಾಡಿದ್ದ ಜರ್ಮನಿಗಿಂತ ಹೆಚ್ಚು ಈ ಭಯ ಯಾರಿಗಿರಬೇಕು? ಅಲ್ಲಿನ ಶಿಕ್ಷಣತಜ್ಞರು 1976ರಲ್ಲಿ ಬಾಯ್ಟೆಲ್ಸ್‌ಬಾಖ್ ಎಂಬ ಊರಿನಲ್ಲಿ ಸೇರಿ ಚರ್ಚಿಸಿದ್ದರಿಂದ ಮೂರು ಸೂತ್ರಗಳು ಹೊರಟವು. ಮೇಷ್ಟ್ರು ತನ್ನ ಅಭಿಪ್ರಾಯವನ್ನು ಮಕ್ಕಳ ಮೇಲೆ ಹೇರಬಾರದು. ಸಮಾಜದಲ್ಲಿ ಜಗಳವಿರುವ ವಿಷಯವನ್ನು ತರಗತಿಯಲ್ಲೂ ಎರಡೂ ಕಡೆಯಿಂದ ತೋರಿಸಬೇಕು. ತನ್ನ ಹಿತ ಯಾವುದು ಎಂದು ಅಳೆದು ನೋಡುವ ಶಕ್ತಿ ಮಗುವಿಗೆ ಬರಬೇಕು. ಇವನ್ನು ಕನ್ನಡದಲ್ಲಿ ಅಚ್ಚುಮಾಡಿಸಿ ಪ್ರತಿ ಸ್ಟಾಫ್ ರೂಮಿಗೆ ಹಚ್ಚಿಸಲು ಹೆಚ್ಚು ಖರ್ಚಾಗದು.

ನನ್ನ ಕೋರಿಕೆ ಇಷ್ಟೇ. ಎಸ್ಸೆಸ್ಸೆಲ್ಸಿಯಲ್ಲಿ ಸಮಾಜ ವಿಜ್ಞಾನಕ್ಕೆ 20 ಅಂಕ ಆಂತರಿಕ ಮೌಲ್ಯಮಾಪನಕ್ಕಿದೆ. ಎಂಟು, ಒಂಬತ್ತರಲ್ಲೂ ಪ್ರಾಜೆಕ್ಟು ಇದ್ದೇ ಇದೆ. ಅವುಗಳಲ್ಲಿ ಒಂದು ತಮ್ಮ ವಾರ್ಡು ಅಥವಾ ಗ್ರಾಮ ಪಂಚಾಯಿತಿಯ ಬಗ್ಗೆ ಇರಬಹುದು, ಪಕ್ಷದ ಪ್ರಚಾರವಿಲ್ಲದೆ ಅದನ್ನು ಮಾಡಿಸಿದ ಶಿಕ್ಷಕರ ಬೆನ್ನಿಗೆ ಇಲಾಖೆ ನಿಲ್ಲುತ್ತದೆ ಎಂದು ಒಂದು ಪುಟದ ಸುತ್ತೋಲೆ ಹೊರಡಿಸಿ. ಅದರ ಒಂದೊಂದು ಪ್ರತಿಯನ್ನು ಪಾಲಿಕೆ ಆಯುಕ್ತರಿಗೂ ಹರಿಹರ ನಗರಸಭೆಯ ಪೌರಾಯುಕ್ತರಿಗೂ ಕಳಿಸಿ, ಪ್ರಶ್ನೆ ಹಿಡಿದು ಬಂದ ಮಕ್ಕಳನ್ನು ಕೂರಿಸಿ ಮಾತಾಡಿಸಲು ತಿಂಗಳಿಗೊಂದು ಮಧ್ಯಾಹ್ನ ಕೇಳಿ. ಮುಂದಿನ ರೂಪಣಾತ್ಮಕ ಮೌಲ್ಯಮಾಪನಕ್ಕೆ ಪ್ರಾಜೆಕ್ಟು ಹಂಚುವ ಮೊದಲೇ ಆ ಸುತ್ತೋಲೆ ಶಾಲೆಗಳನ್ನು ಮುಟ್ಟಲಿ.

ಇತಿ,
ದಾವಣಗೆರೆಯ ಒಬ್ಬ ಪೋಷಕ