ಪ್ರಭುವಿನ ದಿನ ಯಾರಿಗೆ?

ಭಾನುವಾರದ ದಿವ್ಯ ಬಲಿಪೂಜೆಯಲ್ಲಿ ಭಾಗವಹಿಸಿದೊಡನೆ ಮೂರನೆಯ ದೈವಾಜ್ಞೆಯನ್ನು ಪಾಲಿಸಿದೆವೆಂದು ನಾವು ನೆಮ್ಮದಿ ತಾಳುತ್ತೇವೆ. ಆದರೆ ಆ ಆಜ್ಞೆ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತದೆ: ನಿಮ್ಮ ಮನೆಕೆಲಸದಾಕೆಗೆ ಇಂದು ಬಿಡುವುಂಟೇ?

ಧರ್ಮೋಪದೇಶಕಾಂಡದ 5ನೆಯ ಅಧ್ಯಾಯವನ್ನು ತೆರೆದು ನೋಡಿ. ಸಬ್ಬತ್ತಿನ ವಿಶ್ರಾಂತಿ ಯಜಮಾನನಿಗೆ ಮಾತ್ರವಲ್ಲದೆ ದಾಸದಾಸಿಯರಿಗೆ, ಎತ್ತು ಕತ್ತೆಗಳಿಗೆ, ಊರಲ್ಲಿರುವ ಪರದೇಶಿಗೂ ಸಲ್ಲುತ್ತದೆ. ಕಾರಣವೂ ಅಲ್ಲಿಯೇ ಇದೆ: ಇಸ್ರಯೇಲರು ಈಜಿಪ್ಟಿನಲ್ಲಿ ಗುಲಾಮರಾಗಿದ್ದರು. ಬಿಡುಗಡೆ ಹೊಂದಿದವನು ಮತ್ತೊಬ್ಬರಿಗೆ ಫರೋಹನಾಗಬಾರದು.

“ಆಕೆ ಕ್ರೈಸ್ತಳಲ್ಲ” ಎನ್ನುವಿರಾ? ಪರದೇಶಿಯನ್ನು ಹೆಸರಿಸಿದ ಆಜ್ಞೆ ಆ ನೆಪವನ್ನು ಒಪ್ಪದು. “ಸಂಬಳ ಕೊಡುತ್ತೇವಲ್ಲ” ಎನ್ನುವಿರಾ? ಸಂಬಳ ದುಡಿಮೆಯ ಬೆಲೆ. ಅದರಿಂದ ಆಕೆಯ ವಿಶ್ರಾಂತಿಯನ್ನು ಕೊಳ್ಳಲಾಗದು. ರೋಗಿಯ ಬಳಿಯಿರುವ ದಾದಿಯ ಸೇವೆ ಅನಿವಾರ್ಯ. ನಮ್ಮ ಭಾನುವಾರದ ಔತಣದ ಪಾತ್ರೆಗಳನ್ನು ಆಕೆಯೇ ತೊಳೆಯಬೇಕೆಂಬುದು ಅನಿವಾರ್ಯವೇ? ಪ್ರಭುವಿನ ದಿನದ ಆಚರಣೆಗೆ ಅಡ್ಡಿಯಾಗುವಂತೆ ಅನ್ಯರಿಂದ ಅನಗತ್ಯ ಕೆಲಸ ಬಯಸಬಾರದೆಂದು 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥ (2187) ಎಚ್ಚರಿಸುತ್ತದೆ.

ಬರುವ ಭಾನುವಾರ ಸಂಬಳ ಕಡಿತಗೊಳಿಸದೆ ಆಕೆಗೆ ರಜೆ ನೀಡಿ. ಆ ಹೊರೆಯನ್ನು ಮನೆಯ ತಾಯಿಯ ತಲೆಗೂ ಕಟ್ಟದಿರಿ; ಗಂಡಸರೂ ಮಕ್ಕಳೂ ಕೈಜೋಡಿಸಲಿ. ಆಗ ನಾವು ಅರ್ಪಿಸಿದ ಬಲಿಪೂಜೆ ನಮ್ಮ ಅಡುಗೆಮನೆಯಲ್ಲೂ ಫಲ ನೀಡೀತು.