ನಾನೂ ನಕ್ಕಿದ್ದೆ

ಬಹಳ ದಿನವಾಯಿತು ಇಲ್ಲಿ ಬರೆದು. ಕೆಲಸ, ರಿಲೀಸು, ಅದೂ ಇದೂ... ಸೋಮಾರಿತನ ಅಂದರೂ ತಪ್ಪಿಲ್ಲ :) ಆದರೆ ಶುಕ್ರವಾರದಿಂದ ಒಂದು ವಿಷಯ ತಲೆ ಕೊರೆಯುತ್ತಿದೆ.

ನಮ್ಮ ಟೀಮಿನಲ್ಲಿ ಹಾಸನದ ಕಡೆಯ ಹುಡುಗನೊಬ್ಬನಿದ್ದ. ಕಾಲೇಜು ಮುಗಿಸಿ ನೇರ ಬಂದವನು. ಕೋಡ್ ಚೆನ್ನಾಗಿ ಬರೆಯುತ್ತಿದ್ದ, ಇಂಗ್ಲಿಷ್ ಮಾತ್ರ ತಡವರಿಸುತ್ತಿತ್ತು. ಬೆಳಗಿನ ಮೀಟಿಂಗಿನಲ್ಲಿ ಅವನ ಸರದಿ ಬಂದರೆ ಸಾಕು, "ಯಾರಾದ್ರೂ ಸಬ್‌ಟೈಟಲ್ ಹಾಕ್ರಪ್ಪಾ" ಅನ್ನುತ್ತಿದ್ದ ನಮ್ಮ ಲೀಡು. ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಮೊದಮೊದಲು ಅವನೂ ನಗುತ್ತಿದ್ದ. ಆಮೇಲೆ ಶುರುವಾಯಿತು, ಅವನ ಕೋಡನ್ನು ಪ್ರೊಜೆಕ್ಟರಿನಲ್ಲಿ ಹಾಕಿ ಗೇಲಿ ಮಾಡುವುದು, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ "ಬೆಳಗ್ಗೆ ಬೇಕು" ಅನ್ನುವುದು. ಎಂಟೇ ತಿಂಗಳಿಗೆ ರಾಜೀನಾಮೆ ಕೊಟ್ಟ. ಶುಕ್ರವಾರ ಕೇಕು ಕತ್ತರಿಸಿದೆವು. ಬೀಳ್ಕೊಡುಗೆಯ ಭಾಷಣವೂ ಲೀಡಿನದೇ!

"ಎಚ್.ಆರ್. ಹತ್ರ ಹೇಳಬಹುದಿತ್ತಲ್ಲೋ" ಅಂದೆ, ಲಿಫ್ಟಿನ ಹತ್ತಿರ.

"ಏನಂತ ಬರೀಲಿ ಅಣ್ಣ? ಸಾಕ್ಷಿಗೆ ನೀವು ಬರ್ತಿದ್ರಾ?"

ಉತ್ತರ ಹೊಳೆಯಲಿಲ್ಲ.

ತಮಾಷೆ ನೋಡಿ. ಒಂದೆರಡು ವರ್ಷದ ಹಿಂದೆ ಕಾಲೇಜಿನಲ್ಲಿ ಸೀನಿಯರ್ ಯಾರಾದರೂ ಹೀಗೆ ಮಾಡಿದ್ದರೆ ಅದು ರ‍್ಯಾಗಿಂಗ್. 2009ರ ಯುಜಿಸಿ ನಿಯಮದಂತೆ ವಿದ್ಯಾರ್ಥಿ, ಪೋಷಕರು ಇಬ್ಬರೂ ಮುಚ್ಚಳಿಕೆ ಬರೆದುಕೊಡಬೇಕು. ಹೆಣ್ಣುಮಕ್ಕಳಿಗೆ ಆಫೀಸಿನಲ್ಲಿ ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಿದೆ. ಹತ್ತು ಜನರಿರುವ ಕಡೆಯೆಲ್ಲ ಆಂತರಿಕ ಸಮಿತಿ ಇರಲೇಬೇಕು, ಅದರಲ್ಲಿ ಅರ್ಧದಷ್ಟಾದರೂ ಹೆಂಗಸರು, ಹೊರಗಿನವರೊಬ್ಬರು. ದೂರಿಗೆ ಮೂರು ತಿಂಗಳು, ವಿಚಾರಣೆಗೆ 90 ದಿನ. ಅದೂ ಸುಮ್ಮನೆ ಸಿಕ್ಕಿದ್ದಲ್ಲ. ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯಲು ಹೋದ ಭಂವರಿ ದೇವಿಯ ಮೇಲೆ 1992ರಲ್ಲಿ ಅತ್ಯಾಚಾರವಾಗಿ, 1997ರಲ್ಲಿ ಸುಪ್ರೀಂ ಕೋರ್ಟು ವಿಶಾಖಾ ತೀರ್ಪು ಕೊಟ್ಟು, ಕಾಯ್ದೆ ಬರಲು ಮತ್ತೆ 16 ವರ್ಷ ಹಿಡಿಯಿತು. ಆದರೆ ದಿನಾ ಒಂದಿಷ್ಟು ಮಾನ ಕಳೆಯುವ ಬಾಸ್‌ಗೆ? ನಮ್ಮಲ್ಲಿ ಪ್ರತ್ಯೇಕ ಕಾನೂನೇ ಇಲ್ಲ. ಕಂಪನಿಯ ಪಾಲಿಸಿ ಪುಸ್ತಕ ಏನು ಹೇಳುತ್ತದೋ ಅಷ್ಟೇ.

"ನಾವೆಲ್ಲ ಬೈಸಿಕೊಂಡೇ ಬೆಳೆದವರು" ಅನ್ನುವವರಿದ್ದಾರೆ. ಇರಬಹುದು. ತಪ್ಪಿಗೆ ಬೈಯುವುದು ಬೇರೆ ಸ್ವಾಮಿ, ಇವನಿಗೆ ಬಿದ್ದದ್ದು ಇವನ ಭಾಷೆಗೆ, ಊರಿಗೆ.

ಇನ್ನು, ದೂರಿನ ಭಾರವನ್ನು ನೋವು ತಿಂದವನ ತಲೆಗೇ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. ಅವನಿಗೆ ರೇಟಿಂಗಿನ ಭಯ, ರಿಲೀವಿಂಗ್ ಲೆಟರಿನ ಭಯ, ಊರಲ್ಲಿ ಎಜುಕೇಶನ್ ಲೋನು. ಪಕ್ಕದಲ್ಲಿದ್ದ ನಾವು ಆರು ಜನಕ್ಕೆ ಏನಾಗಿತ್ತು? ಮೊದಲ ದಿನವೇ ಒಬ್ಬರು "ಇರಿ, ಅವನು ಹೇಳಿ ಮುಗಿಸಲಿ" ಅಂದಿದ್ದರೆ ಆ ಸಬ್‌ಟೈಟಲ್ ಜೋಕು ಅಲ್ಲೇ ಸಾಯುತ್ತಿತ್ತೇನೋ. ಎದುರಿಗೆ ಹೇಳುವ ಧೈರ್ಯವಿಲ್ಲದಿದ್ದರೆ ದಿನಾಂಕ, ಹೊತ್ತು, ಆಡಿದ ಮಾತು, ಯಾರ‍್ಯಾರಿದ್ದರು ಅಂತ ಬರೆದಾದರೂ ಇಟ್ಟಿರಬಹುದಿತ್ತು. ಹೇಗೆ ಬಂತು ಅಂತ ಬರೆಯದ ಬಗ್ಗನ್ನು ನಾವೇ ಕ್ಲೋಸ್ ಮಾಡುತ್ತೇವಲ್ಲ, ಎಚ್.ಆರ್. ಮಾಡುವುದೂ ಅದನ್ನೇ.

ನಿಮ್ಮ ಟೀಮಿನಲ್ಲಿ ಯಾರಾದರೂ ಹೀಗೆ ನಡುವೆ ಬಾಯಿ ಹಾಕಿದ್ದುಂಟಾ? ಏನಂದಿರಿ, ಆಮೇಲೇನಾಯಿತು? ಸ್ವಲ್ಪ ಬೇಗ ತಿಳಿಸಿ. ಸೋಮವಾರ ಅವನ ಸೀಟಿಗೆ ಹೊಸಬನೊಬ್ಬ ಬರುತ್ತಿದ್ದಾನೆ.